ಕಪ್ಪೆಗಣ್ಣಿನ ನೌಕರಿ

ನಿಮ್ಮ ನೌಕರಿ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೂರಲು ಜಾಗ ಹುಡುಕುತ್ತೇನೆ. ಒಂದೇ ಮಾತಿನಲ್ಲಿ ಮುಗಿಯುವ ಉತ್ತರ ಅದಲ್ಲ. ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಕಂಡದ್ದರಲ್ಲಿ ಏನೇನು ಆರಿಸಿ ಮಿದುಳಿಗೆ ಕಳಿಸುತ್ತದೆ ಎನ್ನುವುದನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ ನೋಡುವುದು ನನ್ನ ಕೆಲಸ. ಅದೂ ಮನುಷ್ಯರದಲ್ಲ, ಕಪ್ಪೆಯದು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಏನಾದರೊಂದು ಆಗಿಯೇ ತೀರುತ್ತದೆ.

ಮಾಡೆಲಿಂಗ್

ಧಾರವಾಡದಿಂದ ಬಂದ ಹೊಸತರಲ್ಲಿ ಘಾಟ್ಕೋಪರಿನಲ್ಲಿ ಬಾಡಿಗೆ ಮನೆ ನೋಡಿದೆವು. ಬ್ರೋಕರ್ ಕೇಳಿದಾಗ "ಕಂಪ್ಯೂಟರ್ ಮಾಡೆಲಿಂಗ್" ಅಂದಿದ್ದೆ. ಅವನು ಸುದ್ದಿಯನ್ನು ಸೊಸೈಟಿ ಸೆಕ್ರೆಟರಿಗೆ ಮುಟ್ಟಿಸುವಾಗ ಕಂಪ್ಯೂಟರ್ ದಾರಿಯಲ್ಲೇ ಬಿದ್ದುಹೋಗಿತ್ತು.

ಸೆಕ್ರೆಟರಿ ಬೆಳಗಾವಿ ಕಡೆಯವರು. ನನ್ನ ಕಡೆ ತಿರುಗಿಯೂ ನೋಡದೆ ನನ್ನ ಗಂಡನಿಗೆ ಹೇಳಿದರು: "ನೋಡ್ರಿ, ಮಾಡೆಲಿಂಗ್ ಮಾಡೋರಿಗೆ ನಾವು ಮನಿ ಕೊಡಂಗಿಲ್ಲ. ಶೂಟಿಂಗು, ಪಾರ್ಟಿ, ಬರೋ ಹೋಗೋ ಮಂದಿ... ಇದು ಫ್ಯಾಮಿಲಿ ಬಿಲ್ಡಿಂಗ್."

"ಇಕಿ ಮಾಡೂದು ಕಪ್ಪಿ ಮಾಡೆಲಿಂಗ್ ರೀ!" ಅಂದುಬಿಟ್ಟರು ನನ್ನವರು, ಗಾಬರಿಯಲ್ಲಿ.

ಆಗ ಸೆಕ್ರೆಟರಿ ನನ್ನ ದಪ್ಪ ಚಶ್ಮಾ, ಹೆಗಲ ಮೇಲಿನ ಸಂತಿಚೀಲ ನೋಡಿದರು. ಅವರ ಮುಖಕ್ಕೆ ಸಮಾಧಾನ ಬಂತು. ನನಗೆ ಬರಲಿಲ್ಲ. ಅಂತೂ ಮನೆ ಸಿಕ್ಕಿತು. ಕೀಲಿ ಕೊಡುವಾಗ ಒಂದೇ ಷರತ್ತು: "ಕಪ್ಪಿ ಮಾತ್ರ ಇಲ್ಲಿಗೆ ಕರಕೊಂಡು ಬರಬ್ಯಾಡ್ರಿ. ಪೆಟ್ಸ್ ಅಲೌಡ್ ಇಲ್ಲ."

ಎದುರು ಬಾಗಿಲಿನ ಅಜ್ಜಿ

ಎದುರು ಮನೆಯ ಮಂಗಳೂರು ಕಡೆಯ ಅಜ್ಜಿಗೆ ನಾನು ಕಣ್ಣಿನ ಡಾಕ್ಟರು ಎಂದು ಖಾತ್ರಿ. ಒಂದು ದಿನ ಬಂದು ತಮ್ಮ ರೆಪ್ಪೆ ಎಳೆದು ಹಿಡಿದು ನಿಂತರು.

"ಅಜ್ಜಿ, ನಾನು ಕಪ್ಪೆ ಕಣ್ಣು ನೋಡುವವಳು" ಅಂದೆ.

"ನಂಗೇನು ಕಪ್ಪೆಗಿಂತ ಜಾಸ್ತಿ ಕಾಣ್ತದಾ? ನೋಡು ಮಾರಾಯ್ತಿ!"

ಮಾಟುಂಗದಲ್ಲಿ ಭಾಷಣ

ಮಾಟುಂಗದ ಒಂದು ಕನ್ನಡ ಸಂಘದವರು ಮಾತಾಡಲು ಕರೆದಿದ್ದರು. ನಾನು ಹುರುಪಿನಿಂದ ಹೇಳುತ್ತಿದ್ದೆ: "ನೊಣ ಸುಮ್ಮನೆ ಕೂತಿದ್ದರೆ ಕಪ್ಪೆಗೆ ಅದರ ಪರಿವೆಯೇ ಇಲ್ಲ. ಅಲುಗಾಡಿತೋ, ಕೂಡಲೇ ರೆಟಿನಾ ಮಿದುಳಿಗೆ ಸುದ್ದಿ ಕಳಿಸುತ್ತದೆ."

ವಿಜಯಪುರದ ಕಡೆಯ ಹೆಂಗಸೊಬ್ಬರು ಎದ್ದು ನಿಂತರು. "ಬಾಯಾರ, ಇದು ಕಪ್ಪಿಗಷ್ಟ ಅಲ್ರಿ. ನಮ್ಮ ಮನಿಯವರಿಗೂ ಹಂಗ ಐತಿ. ದಿನಾಪೂರ್ತಿ ಎದುರಿಗೆ ಕುಂತಿದ್ರೂ ನಾ ಅವರಿಗೆ ಕಾಣಂಗಿಲ್ಲ."

ಸಭೆಯೆಲ್ಲ ಗೊಳ್ಳೆಂದಿತು. ಪಕ್ಕದಲ್ಲಿ ತೂಕಡಿಸುತ್ತಿದ್ದ ಯಜಮಾನರು ಬೆಚ್ಚಿಬಿದ್ದು ಕಣ್ಣು ಬಿಟ್ಟು, ನಿಂತಿದ್ದ ಹೆಂಡತಿಯನ್ನು ನೋಡಿ ಕೇಳಿದರು: "ಯಾಕ ಎದ್ದಿ? ಎಲ್ಲಿಗೆ ಹೊಂಟಿ?"

ನೊಣ

ವಿಕ್ರೋಳಿಯ ನಮ್ಮ ಲ್ಯಾಬಿಗೆ ಒಮ್ಮೆ ತಪಾಸಣೆ ಸಮಿತಿ ಬಂತು. ಅವರು ಒಪ್ಪಿದರೆ ನಮ್ಮ ಯೋಜನೆ ಮುಂದುವರಿಯಬೇಕು, ಇಲ್ಲವಾದರೆ ನಾವೆಲ್ಲ ಬೇರೆ ನೌಕರಿ ಹುಡುಕಬೇಕು. ಮೇಜಿನ ಮೇಲೆ ಕ್ಯಾಮೆರಾ ಇಟ್ಟಿದ್ದೆವು. ಅದು ನಮ್ಮ ಕಪ್ಪೆಯ ಕಣ್ಣು. ಸಣ್ಣ ಕರಿ ಚುಕ್ಕೆ ಅಲುಗಾಡಿದರೆ ಸಾಕು, "ಟುಂಯ್" ಅಂತ ಸದ್ದು, ಪರದೆಯ ಮೇಲೆ ಕೆಂಪು ವೃತ್ತ, ದೊಡ್ಡಕ್ಷರದಲ್ಲಿ "ನೊಣ". ತೋರಿಸಲು ದಾರಕ್ಕೆ ಕರಿಮಣಿ ಪೋಣಿಸಿಟ್ಟಿದ್ದೆ.

ಅಷ್ಟರಲ್ಲಿ ಅಧ್ಯಕ್ಷರು ಮಾತು ಶುರು ಮಾಡಿದರು. ಕೂತದ್ದು ಕ್ಯಾಮೆರಾದ ಎದುರಿಗೇ; ಅವರ ಮೇಲ್ದುಟಿಯ ಮೇಲೊಂದು ಕರಿ ಮಚ್ಚೆ.

"ನಮ್ಮ ದೇಶದಲ್ಲಿ ಸಂಶೋಧನೆ..." ಟುಂಯ್. "ಅಂದರೆ..." ಟುಂಯ್. "ಏನಿದು ಸದ್ದು?" ಟುಂಯ್.

ನನ್ನ ಬಾಸ್ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಅಧ್ಯಕ್ಷರು ಪರದೆಯ ಕಡೆ ತಿರುಗಿದರು. ಅಲ್ಲಿ ಅವರದೇ ಮುಖ, ಮಚ್ಚೆಯ ಸುತ್ತ ವೃತ್ತ, "ನೊಣ". ನನ್ನ ನೌಕರಿ ಹೋಯಿತು ಅಂದುಕೊಂಡೆ.

ಅವರು ಮೆಲ್ಲಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಏನೋ ಅಂದರು. ಸದ್ದಿಲ್ಲ. ಕೈ ತೆಗೆದು ಅಂದರು. ಟುಂಯ್. ಮತ್ತೆ ಮುಚ್ಚಿದರು, ತೆಗೆದರು. ಕೊನೆಗೆ ಮಗುವಿನ ಹಾಗೆ ನಗತೊಡಗಿದರು. ಟುಂಯ್ ಟುಂಯ್ ಟುಂಯ್! "ಪಾಸ್! ನಿಮ್ಮ ಕಪ್ಪೆಗೆ ಕಣ್ಣು ಚೆನ್ನಾಗಿ ಕಾಣ್ತದೆ" ಅಂದರು.

ಹೊರಡುವಾಗ ಸಮಿತಿಯ ಹಿರಿಯ ಸದಸ್ಯೆಯೊಬ್ಬರು ನನ್ನ ಕಿವಿಯಲ್ಲಿ ಕೇಳಿದರು: "ಈ ಯಂತ್ರ ನಮ್ಮ ಆಫೀಸಿಗೊಂದು ಸಿಗಬಹುದಾ? ಸಾಹೇಬರು ಮೀಟಿಂಗಿನಲ್ಲಿ ಬಾಯಿ ಮುಚ್ಚಿದ್ದು ಇವತ್ತೇ ಮೊದಲು."