ಹುಂಬನ್ ದೇವರ ಅಭಯ ಮತ್ತು ನನ್ನ ವೀಸಾ

ಮನೆಗೆ ಯಜಮಾನ ಯಾರು ಎಂಬ ಪ್ರಶ್ನೆಯನ್ನು ಬುದ್ಧಿವಂತ ಗಂಡಸು ಕೆದಕಲು ಹೋಗುವುದಿಲ್ಲ. ನಾನೂ ಹೋಗಿರಲಿಲ್ಲ. ಕಳೆದ ವರ್ಷ ನನ್ನ ಕೆಲಸ, ಅದರ ಜೊತೆಗೆ ವೀಸಾವೂ ಹೋದಾಗ, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಹೆಂಡತಿ ಸಂಧ್ಯಾಳೇ ನನ್ನ ವೀಸಾಕ್ಕೆ ಸ್ಪಾನ್ಸರ್ ಆದಳು. ಮೈಸೂರಿನ ನೆಂಟರಿಗೆ ನಾವು ಈ ವಿಷಯ ಹೇಳಿಲ್ಲ. ಅಂದರೆ, ನಾನು ಹೇಳಿಲ್ಲ. ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನನ್ನದು. ಯಾರಾದರೂ ಫೋನಿನಲ್ಲಿ ಕೇಳಿದರೆ "ಬೇರೆ ಕಂಪನಿ ನೋಡ್ತಾ ಇದೀನಿ" ಎನ್ನುತ್ತೇನೆ. ನಾನು ನೋಡುತ್ತಿರುವುದು ನಿಜ. ಕಂಪನಿಗಳು ನನ್ನನ್ನು ನೋಡುತ್ತಿಲ್ಲ, ಅಷ್ಟೆ. ಸದ್ಯಕ್ಕೆ ಅಡುಗೆಮನೆ ನನ್ನ ಖಾತೆ.

ಏಳನೆಯ ತರಗತಿಯ ಮಗಳು ಅನನ್ಯ ಶಾಲೆಯಲ್ಲಿ, ಎಲ್ಲರ ಅಪ್ಪ ಅಮ್ಮಂದಿರ ಎದುರು, ಪ್ರಾಚೀನ ಕಾಲದ ಒಬ್ಬ ದೇವರ ಬಗ್ಗೆ ಮಾತಾಡಬೇಕಿತ್ತು. ಅವಳ ಪಾಲಿಗೆ ಬಂದದ್ದು ಏಲಾಮ್. ಇಲ್ಲಿಂದ ಕಡಲು ದಾಟಿದರೆ, ಈಗಿನ ಇರಾನಿನ ನೆಲದಲ್ಲಿದ್ದ ರಾಜ್ಯ. ಅಲ್ಲಿಯ ದೊಡ್ಡ ದೇವರು ಹುಂಬನ್. ನಮ್ಮ ಕನ್ನಡದ ಹುಂಬರಿಗೂ ಆತನಿಗೂ ಸಂಬಂಧವಿಲ್ಲ. ಆತ ಸಾಕ್ಷಾತ್ ಆಕಾಶದ ಒಡೆಯ. ಮಗಳು ಬರೆದ ಚಾರ್ಟ್ ನೋಡಿದೆ. ಕಿರೀಟ ತೊಟ್ಟ ರಾಜನಿಗೆ ನನ್ನ ಮುಖ, ಕನ್ನಡಕ ಸಮೇತ! ಎದೆ ಉಬ್ಬಿತು. ಆಮೇಲೆ ಕಣ್ಣು ಮೇಲೆ ಹೋಯಿತು. ಮೋಡದ ಮೇಲೆ ಕೂತ ಹುಂಬನ್‌ಗೆ ಸಂಧ್ಯಾಳ ಮುಖ, ಕೊರಳಲ್ಲಿ ಆಸ್ಪತ್ರೆಯ ಐಡಿ ಕಾರ್ಡ್.

"ಇದೇನೇ ಇದು?" ಎಂದೆ.

"ಅಪ್ಪಾ, ಹುಂಬನ್ ಪ್ರೊಟೆಕ್ಷನ್ ಕೊಟ್ರೇನೇ ಕಿಂಗ್‌ಗೆ ಪವರ್. ಅದಕ್ಕೆ ಕಿತೆನ್ ಅಂತಾರೆ. ಅದಿಲ್ದಿದ್ರೆ ಕಿಂಗ್ ಖಲಾಸ್. ಮನೆಯಿಂದ್ಲೇ ಒಂದು ಎಕ್ಸಾಂಪಲ್ ಕೊಡಿ ಅಂದಿದಾರೆ ಮಿಸ್. ಯು ಆರ್ ಆನ್ ಅಮ್ಮಾಸ್ ವೀಸಾ, ನೋ?"

ನನಗೆ ನಾಚಿಕೆಯಾಯಿತು, ಕೋಪವೂ ಬಂತು. ವರ್ಷವಿಡೀ ಮುಚ್ಚಿಟ್ಟದ್ದನ್ನು ಇವಳು ಬಣ್ಣ ಹಚ್ಚಿ ಗೋಡೆಗೆ ತೂಗುಹಾಕುತ್ತಾಳಲ್ಲ! ಬೇರೆ ಉದಾಹರಣೆ ಕೊಡು, ಐಸ್‌ಕ್ರೀಂ ಕೊಡಿಸುತ್ತೇನೆ ಎಂದು ಗೋಗರೆದೆ. ಇಲ್ಲಿಯ ಅರಬ್ಬಿಯಲ್ಲಿ ಮಾಫಿ, ಅಂದರೆ ಇಲ್ಲವೇ ಇಲ್ಲ ಎಂದಳು. ಸಂಧ್ಯಾಳಿಗೆ ದೂರು ಕೊಟ್ಟರೆ ಅವಳು ಬಿದ್ದು ಬಿದ್ದು ನಕ್ಕಳು. "ನಂಗೆ ನಾಳೆ ಡ್ಯೂಟಿ ಇದೆ ಕಣ್ರೀ. ರಾಜರೇ ಹೋಗ್ಬನ್ನಿ."

ಮರುದಿನ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತೆ. ಅನನ್ಯ ವೀಸಾದ ಮಾತು ಹೇಳಿಯೇ ಹೇಳಿದಳು. ಆಶ್ಚರ್ಯವೆಂದರೆ ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ಮಂಗಳೂರಿನವರೊಬ್ಬರು ನನ್ನತ್ತ ಬಾಗಿ, "ನಾನೂ ಹೆಂಡತಿ ವೀಸಾದಲ್ಲೇ ಇರುವುದು ಮಾರಾಯ್ರೆ" ಎಂದು ಪಿಸುಗುಟ್ಟಿದರು. ಜೀವ ಬಂದಂತಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತೆ.

ಅಷ್ಟರಲ್ಲಿ ಟೀಚರ್ ಕೇಳಿದರು, ದೇವರೇನೋ ರಾಜನನ್ನು ಕಾಯುತ್ತಾನೆ, ಸರಿ. ರಾಜ ದೇವರಿಗೆ ಏನು ಮಾಡುತ್ತಾನೆ? ಗುಡಿ ಕಟ್ಟಿಸುತ್ತಾನೆ, ತಪ್ಪದೆ ನೈವೇದ್ಯ ಇಡುತ್ತಾನೆ ಎಂದ ಮಗಳು ನನ್ನತ್ತ ಹೆಮ್ಮೆಯಿಂದ ಕೈ ತೋರಿಸಿ, ಅಮ್ಮನ ಡಬ್ಬಿ ಕಟ್ಟುವುದು ನಮ್ಮಪ್ಪನೇ ಎಂದೂ ಸೇರಿಸಿದಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು.

ಆ ಬೆಳಿಗ್ಗೆ ಸಿಟ್ಟಿನಲ್ಲಿ ನಾನು ಹುಂಬನ್‌ನ ಡಬ್ಬಿಗೆ ತುಂಬಿ ಕಳಿಸಿದ್ದು ಹಿಂದಿನ ದಿನದ ಚಿತ್ರಾನ್ನ. ಬಿಸಿ ಕೂಡ ಮಾಡಿರಲಿಲ್ಲ.