ಎರಡನೆಯ ‘ನಥಿಂಗ್’

ಹೆದರಿಕೊಳ್ಳುವುದಕ್ಕೆ ನನಗೆ ಯಾರ ಕೋಚಿಂಗೂ ಬೇಕಿರಲಿಲ್ಲ. ಕುಕ್ಕರ್ ಕೂಗದಿದ್ದರೆ ಹೆದರುವವಳು, ಕೂಗಿದರೂ ಹೆದರುವವಳು. ಆದರೆ ಸಿಸ್ಟಮ್ಯಾಟಿಕ್ ಆಗಿ, ಶಾಸ್ತ್ರೋಕ್ತವಾಗಿ ಹೆದರಲು ಕಲಿತದ್ದು ಹಾಲೆಂಡಿನ ಡೆಲ್ಫ್ಟ್‌ನಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಿಟೈರಾಗಿದ್ದ ನಮ್ಮವರನ್ನು ಅಲ್ಲಿನ ಯೂನಿವರ್ಸಿಟಿಯವರು ನೀರಾವರಿ ಪಾಠ ಹೇಳಲು ಕರೆಸಿಕೊಂಡಿದ್ದರು. ಅವರು ಸೈಕಲ್ ಏರಿ ಹೊರಟರೆ, ನಾನು ಕಿಟಕಿಯ ಬಳಿ ಕೂತು ಅವರು ಕಾಲುವೆಗೆ ಬೀಳುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ.

ಪಕ್ಕದ ಮನೆಯ ರೆಬೆಕಾ ನನ್ನ ವಯಸ್ಸಿನ ಯಹೂದಿ ಹೆಂಗಸು. ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಬಿಡುವುದು ಆ ದೇಶದ ಪದ್ಧತಿ, ಅವರೂ ಹಾಗೆಯೇ. ಆದರೆ ಧರ್ಮಪಾಠ ಹೇಳುತ್ತಿದ್ದ ತಮ್ಮ ಅಪ್ಪನ ಮಾತುಗಳನ್ನು ಮಾತ್ರ ಧಾರಾಳವಾಗಿ ಬಡಿಸುತ್ತಿದ್ದರು. ಅವರ ಧರ್ಮಗ್ರಂಥದಲ್ಲಿ ಒಂದು ಪದವೂ ದಂಡವಲ್ಲವಂತೆ. ಒಂದೇ ಮಾತು ಎರಡು ಸಲ ಬಂದರೆ ಎರಡನೆಯದರಲ್ಲಿ ಬೇರೇನೋ ಅಡಗಿದೆ. ಎರಡು ಸಂಗತಿ ಅಕ್ಕಪಕ್ಕ ಬಂದರೆ ಒಂದರ ಗುಟ್ಟು ಇನ್ನೊಂದರಲ್ಲಿದೆ. ಹಳೆಯ ಗುರುಗಳು ಇದಕ್ಕೆಲ್ಲ ನಿಯಮಗಳನ್ನೇ ಮಾಡಿಟ್ಟಿದ್ದಾರಂತೆ. ನಮ್ಮ ಕಾನ್ವೆಂಟಿನ ಸಿಸ್ಟರ್, ಕಾಂಪೊಸಿಷನ್‌ನಲ್ಲಿ ಒಂದು ಪದ ಎರಡು ಸಲ ಕಂಡರೆ ಕೆಂಪು ಇಂಕಿನಿಂದ ಹೊಡೆದುಹಾಕುತ್ತಿದ್ದರು. ಆ ಗೆರೆಗಳ ಕೆಳಗೆ ಎಷ್ಟು ಅರ್ಥಗಳು ಸತ್ತವೋ ಎಂದು ಆಗ ಮರುಕವಾಯಿತು.

ಆ ವಾರವೇ ನಮ್ಮವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಡಾಕ್ಟರು ಒತ್ತಿ ನೋಡಿ, “ನಥಿಂಗ್. ರಿಯಲಿ, ನಥಿಂಗ್,” ಎಂದರು. ಯಾವುದಕ್ಕೂ ಇರಲಿ ಎಂದು ಟೆಸ್ಟಿಗೆ ಬರೆದುಕೊಟ್ಟು, ಹಾಗೆಯೇ ನಿಮ್ಮ ಮಕ್ಕಳೆಲ್ಲಿದ್ದಾರೆ ಎಂದು ಕೇಳಿದರು. ನನಗೆ ರೆಬೆಕಾ ಹೇಳಿದ ನಿಯಮಗಳು ನೆನಪಾದವು. ಮೊದಲನೆಯ ನಥಿಂಗ್ ಎಂದರೆ ಏನೂ ಇಲ್ಲ, ಸರಿ. ಎರಡನೆಯದು ಏನು? ಅದರ ಪಕ್ಕದಲ್ಲೇ ಮಕ್ಕಳ ವಿಚಾರ ಏಕೆ ಬಂತು?

“ಏನೇ, ಸಾರಿಗೆ ಉಪ್ಪೇ ಹಾಕಿಲ್ವಲ್ಲ,” ಎಂದರು ನಮ್ಮವರು ಊಟಕ್ಕೆ ಕೂತಾಗ.

“ರೀ, ಅವರು ಎರಡು ಸಲ ಯಾಕಂದ್ರು?”

“ನಿನ್ನ ಮುಖ ನೋಡಿ ಅಂದಿರ್ತಾರೆ ಕಣೇ. ನನಗೆ ಒಂದೇ ಸಾಕಿತ್ತು. ಉಪ್ಪು ಕೊಡು.”

ಹಾಗೆಂದವರು ಮರುದಿನ ಕನ್ನಡಿಯ ಮುಂದೆ, ನಾನಿಲ್ಲವೆಂದುಕೊಂಡು, ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನು ನೇರ ರೆಬೆಕಾ ಮನೆಗೆ ಹೋಗಿ ಅತ್ತೆ.

“ನಾನು ನಿಮಗೆ ಅರ್ಧ ಮಾತ್ರ ಹೇಳಿದ್ದೆ,” ಎಂದರು ಆಕೆ. “ಈ ನಿಯಮ ಒಪ್ಪದ ಇನ್ನೊಬ್ಬ ಗುರು ಇದ್ದರು. ಧರ್ಮಗ್ರಂಥವೂ ಮನುಷ್ಯರು ಮಾತಾಡುವ ಹಾಗೇ ಮಾತಾಡುತ್ತೆ, ಮನುಷ್ಯರು ಸುಮ್ಮನೆ ಎರಡು ಸಲ ಹೇಳ್ತಾರೆ ಅಂದರು ಅವರು.”

“ಇಬ್ಬರಲ್ಲಿ ಯಾರು ಸರಿ?”

“ಆ ವಾದ ಇನ್ನೂ ಮುಗಿದಿಲ್ಲ ಅಂತಿದ್ದರು ನಮ್ಮಪ್ಪ.” ಹಾಗೆಂದು ಮುಚ್ಚಿದ ಡಬ್ಬಿಯನ್ನು ಮತ್ತೆ ತೆರೆದು ನನಗೆ ಎರಡನೆಯ ಬಿಸ್ಕತ್ತು ಕೊಟ್ಟರು. ಆ ದೇಶದಲ್ಲಿ ಎರಡನೆಯ ಬಿಸ್ಕತ್ತು ಎಂದರೆ ಸಾಮಾನ್ಯವೇ? ನನಗೆ ಇದ್ದ ಧೈರ್ಯವೂ ಹೋಯಿತು.

ಕೊನೆಗೆ ಡಾಕ್ಟರ ಫೋನ್ ಬಂತು. ನಮ್ಮವರು ಕೇಳಿಸಿಕೊಂಡು, “ಬರೀ ಕೊಬ್ಬಿನ ಗಂಟಂತೆ. ಆಲ್ ಈಸ್ ಗುಡ್ ಅಂದ್ರು,” ಎನ್ನುತ್ತ ರಿಸೀವರ್ ಹಿಡಿದೇ ಕುರ್ಚಿಯಲ್ಲಿ ಕುಸಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಎಷ್ಟು ಸಲ ಅಂದ್ರು?”

“ಒಂದೇ ಸಲ ಕಣೇ.”

ಒಂದೇ ಸಲವೇ? ಹೇಳಿಯೂ ಹೇಳದ ಹಾಗೆ? ನಾನು ರಿಸೀವರ್ ಕಿತ್ತುಕೊಂಡು, “ಡಾಕ್ಟರ್, ಪ್ಲೀಸ್, ಇನ್ನೊಮ್ಮೆ ಹೇಳಿ,” ಎಂದೆ. ಪಾಪ, ಅವರು ನಗುತ್ತ ಇನ್ನೊಮ್ಮೆ ಹೇಳಿದರು. ಫೋನ್ ಇಟ್ಟ ಮೇಲೆಯೇ ಹೊಳೆದದ್ದು, ಈಗ ಅದೂ ಎರಡು ಸಲವಾಯಿತಲ್ಲ ಎಂದು.