ಕೂತಲ್ಲೇ ಹೆಸರು ಬದಲಿಸಿಕೊಂಡವರಿಗೆ

ಮಾನ್ಯ enp4s0 ಅವರೇ, ಅಂದರೆ ಮೊನ್ನೆಯವರೆಗಿನ enp3s0 ಅವರೇ, ನನ್ನ ಹರೆಯದ ಕಾಲದ eth0 ಅವರೇ,

ರಾಜಾಜಿನಗರದ ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರಿನ ಬೆನ್ನಿನಲ್ಲಿ ಇಂಟರ್ನೆಟ್ ವೈರನ್ನು ಕಚ್ಚಿಕೊಂಡು ವರ್ಷಗಳಿಂದ ಕೂತಿರುವ ನೆಟ್‌ವರ್ಕ್ ಕಾರ್ಡ್ ಆದ ತಮಗೆ, ಐವತ್ತು ತುಂಬಿದರೂ ಬಾಯಿ ಮುಚ್ಚಲು ಕಲಿಯದ ಶ್ರೀಶನು ಫೋನಿಗೆ ಮಾತಾಡಿ ಬರೆಸಿದ ದೂರು ಇದು, ಸಾವಧಾನದಿಂದ ಓದಬೇಕು.

ಮೊದಲೆಲ್ಲ ಕಂಪ್ಯೂಟರ್ ಹಚ್ಚಿದಾಗ ತಮ್ಮವರಲ್ಲಿ ಯಾರು ಮೊದಲು ಏಳುತ್ತಾರೋ ಅವರು eth0, ಆಮೇಲೆ ಎದ್ದವರು eth1. ಒಂದು ದಿನ ತಡವಾಗಿ ಎದ್ದರೆ ಹೆಸರೇ ಕೈತಪ್ಪುತ್ತಿತ್ತು. ಆ ಗೊಂದಲ ಬೇಡವೆಂದು ಲಿನಕ್ಸ್ ಬಲ್ಲವರು, ಕೂತ ಜಾಗದ ಮೇಲೆ ಹೆಸರಿಡುವ ಪದ್ಧತಿ ತಂದರು. ಮೂರನೆಯ ಸಾಲಿನಲ್ಲಿದ್ದ ತಾವು enp3s0 ಆದಿರಿ. ಬ್ಲಾಕು, ಮೇನು, ಕ್ರಾಸು ಎಂದು ವಿಳಾಸ ಹೇಳಿಕೊಂಡೇ ಬೆಳೆದ ನನಗೆ ಅದು ಬಹಳ ಹಿಡಿಸಿ, ಸಿಕ್ಕವರಿಗೆಲ್ಲ, ಬೀಗರ ಮನೆಯ ಊಟದ ಪಂಕ್ತಿಯಲ್ಲೂ, 'ಇನ್ನು ಹೆಸರು ಬದಲಾಗೋದೇ ಇಲ್ಲ ಕಣ್ರೀ' ಎಂದು ಉಪನ್ಯಾಸ ಕೊಟ್ಟೆ.

ಕಳೆದ ವಾರ ಹೊಸ ಡಿಸ್ಕಿಗಾಗಿ ಒಂದು ಕಾರ್ಡನ್ನು ನಾನೇ ಒಳಗೆ ಸಿಕ್ಕಿಸಿದೆ. ಸಾಲಿನಲ್ಲಿ ತಮಗಿಂತ ಮುಂದೆ ಈ ಹೊಸಬರು ಸೇರಿದ್ದರಿಂದ ಎಣಿಕೆ ಸರಿದು, ತಾವು ಕೂತಲ್ಲಿಂದ ಕದಲದೆಯೇ ಮೂರರಿಂದ ನಾಲ್ಕಾದಿರಿ. ನಾನು ಬರೆದಿಟ್ಟ ಸೆಟ್ಟಿಂಗು ಮಾತ್ರ enp3s0 ಅವರನ್ನೇ ಹುಡುಕುತ್ತಾ ಉಳಿಯಿತು. ಇಂಟರ್ನೆಟ್ ಹೋಯಿತು, ನನ್ನ ಹೆಂಡತಿ ದೀಪ್ತಿಯ ಆನ್‌ಲೈನ್ ವೀಣೆ ಪಾಠ ನಿಂತಿತು. ತಪ್ಪು ಇಂಟರ್ನೆಟ್ ಕಂಪನಿಯದೇ ಎಂದು ಅಲ್ಲಿಯ ಮಹದೇವ್ ಅವರನ್ನು ಮತ್ತೆ ಮತ್ತೆ ಕರೆಸಿ ಬೈದೆ. ಅವರು ಅದೇ ವೈರನ್ನು ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಿ, 'ಲೈನ್ ಬರ್ತಾ ಇದೆ ಸಾರ್' ಎಂದು ತೋರಿಸಿ, ನನ್ನ ಮುಖ ನೋಡದೆ ಕಾಫಿ ಕುಡಿದು ಹೋದರು. 'ಭಾನುವಾರದ ಕ್ಲಾಸೂ ನಿಂತ್ರೆ ಮನೇಲಿ ನಿಮ್ಮ ಲಿನಕ್ಸೂ ಇರಲ್ಲ, ನಿಮ್ಮ ಭಾಷಣಾನೂ ಇರಲ್ಲ' ಎಂದು ದೀಪ್ತಿ ಗಡುವು ಕೊಟ್ಟಳು.

ಆದ್ದರಿಂದ ವಿನಂತಿ: ಇನ್ನು ಮುಂದೆ ಹೆಸರು ಬದಲಿಸುವ ಮುನ್ನ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಡಿ, ಅದಾಗದಿದ್ದರೆ ನನ್ನಂಥವರ ಕೈಗೆ ಸ್ಕ್ರೂಡ್ರೈವರ್ ಸಿಗದಂತೆ ನೋಡಿಕೊಳ್ಳಿ. ಸದ್ಯಕ್ಕೆ, ತಮಗೆ ಹುಟ್ಟಿನಿಂದಲೇ ಅಂಟಿಕೊಂಡಿರುವ ಮ್ಯಾಕ್ ಸಂಖ್ಯೆಯನ್ನು ಹಿಡಿದು, ಎಲ್ಲಿ ಕೂತರೂ ಬದಲಾಗದ ಹೆಸರೊಂದನ್ನು ನಾನೇ ಇಟ್ಟಿದ್ದೇನೆ: deepti0. ಭಾನುವಾರ ಪಾಠ ನಡೆಯಿತು.

ಹಳೆಯ ಹೆಸರಿನಲ್ಲೇ ಇನ್ನೂ ಉಳಿದಿರುವ,
ತಮ್ಮ ವಿಶ್ವಾಸಿ,
ಶ್ರೀಶ

ಮರೆತ ಮಾತು: ತಮ್ಮ ಹೊಸ ಹೆಸರನ್ನು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, ಒಂದೇ ಪ್ರಶ್ನೆ ಕೇಳಿದಳು: 'ನನ್ನ ಪಕ್ಕದಲ್ಲಿರೋ ಸೊನ್ನೆ ಯಾರು, ನೀವಾ?'